ಗುದ್ದಿದವನ ಪಿಕಪ್‌ನಲ್ಲೇ ಬಂದ ಅಕ್ಕ

ಡಿಕ್ಕಿ ಹೊಡೆದವನ ಗಾಡಿಯಲ್ಲೇ ಕುಳಿತು, ಅವನ ಮೇಲೆಯೇ ಕೇಸು ಹಾಕಲು ಬಂದ ಕಕ್ಷಿದಾರರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ ಪುತ್ತೂರಿನ ನನ್ನ ಕಚೇರಿಗೆ ಮೂವರು ಬಂದರು. ಮುಂದೆ ನಲವತ್ತೈದು ದಾಟಿದ ಒಬ್ಬ ಅಕ್ಕ, ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದುಕೊಂಡಿದ್ದರು. ಅವರ ಹಿಂದೆ ಎತ್ತರದ ಆಳು, ನೋಡಿದರೆ ಡ್ರೈವರ್ ಎಂದು ಗೊತ್ತಾಗುತ್ತಿತ್ತು. ಕೊನೆಗೆ ಅವನ ಹೆಂಡತಿ, ಕತ್ತಿನ ಕರಿಮಣಿ ಇನ್ನೂ ಹೊಸದು.

“ಎಂತ ಆಗಿದೆ?” ಎಂದು ಕೇಳಿದೆ.

“ಗಾಡಿ ಗುದ್ದಿದ್ದು ಮೇಡಂ. ಕೈ ತಿರುಗುದಿಲ್ಲ,” ಎಂದರು ಅಕ್ಕ.

“ಯಾವ ಗಾಡಿ?”

“ಕೆಳಗೆ ನಿಲ್ಸಿದ್ದೇವಲ್ಲ, ಅದೇ ಪಿಕಪ್.”

“ಓಡಿಸ್ತಾ ಇದ್ದದ್ದು ಯಾರು?”

“ಇವನೇ,” ಎಂದು ಅಕ್ಕ ಪಕ್ಕದವನ ಬೆನ್ನು ತಟ್ಟಿದರು. ತಂಗಿಯ ಮಗನನ್ನು ಪರಿಚಯಿಸುವಷ್ಟು ಅಕ್ಕರೆ ಅದರಲ್ಲಿತ್ತು. ಡ್ರೈವರ್ ಎದ್ದು ನಿಂತು ನನಗೆ ನಮಸ್ಕಾರ ಮಾಡಿದ.

ನಾನು ಪೆನ್ನು ಕೆಳಗಿಟ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ. ವಕೀಲಿಕೆ ಅದನ್ನು ಕಡಿಮೆ ಮಾಡಿಲ್ಲ, ಮುಚ್ಚಿಡುವುದನ್ನಷ್ಟೇ ಕಲಿಸಿದೆ. ಎದುರು ಪಕ್ಷದವರು ಇಲ್ಲಿ ಕೂರುವ ಹಾಗಿಲ್ಲ, ಹೊರಗೆ ಹೋಗಬೇಕು ಎಂದೆ. “ಪಾಪ, ಈ ಮಳೆಗೆ ಅವನು ಎಲ್ಲಿಗೆ ಹೋಗುದು?” ಎಂದು ಅಕ್ಕನೇ ಅಡ್ಡ ಬಂದರು. ಕೊನೆಗೆ ಅವನನ್ನು ಪಕ್ಕದ ಕೋಣೆಯ ವಕೀಲ ಮಿತ್ರರ ಬಳಿ ಕಳಿಸಿ, ನಿನ್ನ ವಕೀಲರು ಅವರು, ನಾನಲ್ಲ, ನನ್ನ ಹತ್ತಿರ ಏನನ್ನೂ ಹೇಳಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಆಮೇಲೆ ಅಕ್ಕನ ಕತೆ ಕೇಳಲು ಕುಳಿತೆ.

ಅಕ್ಕನದು ಕೋಡಿಂಬಾಳದ ಒಂದು ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಕೆಲಸ. ಬೆಳಕು ಹರಿಯುವಾಗ ಮರದ ತೊಗಟೆಯನ್ನು ಓರೆಯಾಗಿ, ತೆಳ್ಳಗೆ ಕೆತ್ತುತ್ತಾ ಹೋಗುವುದು. ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗಳಲ್ಲಿ ರಬ್ಬರ್ ಹಾಲು ತುಂಬಿದ ಮೇಲೆ ಅದನ್ನು ಬಕೆಟ್ಟಿಗೆ ಸುರಿದು, ರಸ್ತೆಯಾಚೆಯ ಶೆಡ್ಡಿಗೆ ಒಯ್ದು ಶೀಟು ಮಾಡುವುದು. ಜನವರಿಯಲ್ಲಿ ಒಂದು ದಿನ ಹತ್ತು ಗಂಟೆಯ ಹೊತ್ತಿಗೆ ತುಂಬಿದ ಬಕೆಟ್ ಹಿಡಿದು ರಸ್ತೆಯ ಬದಿಯಲ್ಲಿ ನಿಂತಿದ್ದಾಗ, ತಿರುವಿನಲ್ಲಿ ಬಂದ ಪಿಕಪ್ ಅವರನ್ನು ಕೆಡವಿತು. ಮುಂಗೈಯ ಎಲುಬು ಎರಡು ಕಡೆ ಮುರಿಯಿತು. ಡ್ರೈವರ್ ಅದೇ ಊರಿನವನು. ಅಳುತ್ತಲೇ ಅವರನ್ನು ಎತ್ತಿ ಕೂರಿಸಿಕೊಂಡು ಪುತ್ತೂರಿನ ಆಸ್ಪತ್ರೆಗೆ ತಂದ. ಹೇಗಾಯಿತು ಎಂದು ಅಲ್ಲಿನ ಡಾಕ್ಟರು ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು, ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದೆ ಎಂದು.

“ಯಾಕೆ ಹಾಗೆ ಹೇಳಿದ್ರಿ?”

“ಅವನ ಮದುವೆಗೆ ಹದಿನಾರೇ ದಿನ ಇತ್ತು ಮೇಡಂ. ಕಾಗದ ಹಂಚುದು ಅರ್ಧ ಆಗಿತ್ತು. ಮದುಮಗನನ್ನು ಸ್ಟೇಷನ್ನಿಗೆ ಕರ್ಸಿದ್ರೆ ಹುಡುಗಿ ಮನೆಯವರು ಎಂತ ಹೇಳ್ಯಾರು?”

ನಮ್ಮ ಕಡೆ ಇದೊಂದು ಮರ್ಯಾದೆ. ಗುದ್ದಿದವರು ಗುರುತಿನವರಾದರೆ ಆಸ್ಪತ್ರೆಯಲ್ಲಿ ‘ಬಿದ್ದದ್ದು’ ಎಂದೇ ಹೇಳುತ್ತಾರೆ. ಪೊಲೀಸು, ಕೋರ್ಟು ಯಾರಿಗೂ ಬೇಡ. ಕೈಕಾಲು ಸರಿಯಾಗಿ ಕೂಡಿಕೊಂಡರೆ ಆ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ. ಅಕ್ಕನ ಕೈ ಮಾತ್ರ ಸೊಟ್ಟಗೆ ಕೂಡಿಕೊಂಡಿತ್ತು. ಎಲುಬನ್ನು ಮತ್ತೆ ಕತ್ತರಿಸಿ ಪ್ಲೇಟ್ ಹಾಕಬೇಕು, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಬೇಕು, ತಡ ಮಾಡಿದಷ್ಟೂ ಕಷ್ಟ ಎಂದು ಎಲುಬಿನ ಡಾಕ್ಟರು ಹೇಳಿದ್ದರು. ಆ ಖರ್ಚು ಅಕ್ಕನಿಂದಲೂ ಆಗದು, ಸಾಲದಲ್ಲಿ ಪಿಕಪ್ ಕೊಂಡ ಡ್ರೈವರ್‌ನಿಂದಲೂ ಆಗದು. ತೋಟದ ಯಜಮಾನರು ಒಳ್ಳೆಯವರು. ಬದಲಿ ಆಳು ಇಟ್ಟುಕೊಂಡು, ಬರುವ ವರ್ಷದ ದೀಪಾವಳಿಯವರೆಗೆ ಕಾಯುತ್ತೇನೆ, ಅದರ ಮೇಲೆ ಖಾಯಂ ಜನ ನೋಡಲೇಬೇಕಾಗುತ್ತದೆ ಎಂದಿದ್ದರು.

“ಹಣದ ಆಸೆ ಅಲ್ಲ ಮೇಡಂ,” ಎಂದರು ಅಕ್ಕ. “ನನಗೆ ಬೇರೆ ಕೆಲಸ ಬರುದಿಲ್ಲ. ಇಪ್ಪತ್ತೆರಡು ವರ್ಷ ಆಯ್ತು, ನನ್ನ ಕತ್ತಿ ಒಂದು ಮರಕ್ಕೆ ಗಾಯ ಮಾಡಿದ್ದಿಲ್ಲ. ಆ ಮುನ್ನೂರು ಮರ ನನಗೆ ಬೇಕು.”

ಇವರನ್ನು ಇಲ್ಲಿಯವರೆಗೆ ತಂದದ್ದು ಡ್ರೈವರ್‌ನ ಹೆಂಡತಿ. ಮರ್ಕಂಜದ ಹೆಣ್ಣು. ಅಕ್ಕನ ಕೈ ಯಾಕೆ ಹೀಗಾಯಿತು ಎಂದು ಗಂಡನನ್ನು ಕೇಳಿ ಕೇಳಿ ಬಾಯಿ ಬಿಡಿಸಿದ್ದಳು. ಆಮೇಲೆ ಪಿಕಪ್‌ನಲ್ಲಿದ್ದ ಇನ್ಶೂರೆನ್ಸ್ ಕಾಗದವನ್ನು ಹಿಂದೆ ಮುಂದೆ ಬಿಡದೆ ಓದಿದ್ದಳು. “ಹೀಗೆ ಆದ್ರೆ ಬೇಕು ಅಂತಲೇ ಅಲ್ವಾ ವರ್ಷ ವರ್ಷ ಇನ್ಶೂರೆನ್ಸ್ ಕಟ್ಟುದು? ಅಕ್ಕನ ಕೈ ಹೋಗಿ ನನ್ನ ಮದುವೆ ಚಂದ ಆದದ್ದು ಅಂತ ನನಗೆ ಜೀವಮಾನ ಇಡೀ ಅನ್ನಿಸ್ಬೇಕಾ?” ಎಂದಳು. ನನಗೆ ಆ ಕ್ಷಣಕ್ಕೆ ಅವಳು ಬಹಳ ಹಿಡಿಸಿದಳು.

ಆದರೆ ಹಿಡಿಸುವುದರಿಂದ ಕೇಸು ನಿಲ್ಲುವುದಿಲ್ಲ. ಪರಿಹಾರದ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಗಡುವು, ಅದರಲ್ಲಿ ಹತ್ತೊಂಬತ್ತು ದಿನ ಮಾತ್ರ ಉಳಿದಿತ್ತು. ಪೊಲೀಸ್ ದೂರು ಇಲ್ಲ. ಆಸ್ಪತ್ರೆಯ ಕಾಗದದಲ್ಲಿ ಮೆಟ್ಟಿಲು ಎಂದು ಬರೆದಿದೆ. ಎಲ್ಲೋ ಬಿದ್ದು ಕೈ ಮುರಿದುಕೊಂಡು, ಇನ್ಶೂರೆನ್ಸ್ ಇರುವ ಗಾಡಿಯೊಂದನ್ನು ಆಮೇಲೆ ತಂದು ನಿಲ್ಲಿಸುವವರೂ ಇರುತ್ತಾರೆ. ಇಂಥ ಕಾಗದ ನೋಡಿದ ಯಾವ ಕಂಪನಿಯೂ ಮೊದಲು ಹೇಳುವುದು ಅದನ್ನೇ. ನಿಜ ಹೇಳಬೇಕೆಂದರೆ ನನಗೂ ಅನುಮಾನವಿತ್ತು. ಅದಕ್ಕೆ ಕೇಸು ಒಪ್ಪಿಕೊಳ್ಳುವ ಮೊದಲು ಕಡಬದ ಬಸ್ಸು ಹತ್ತಿ ಕೋಡಿಂಬಾಳಕ್ಕೆ ಹೋದೆ.

ಅಕ್ಕ ತಿರುವನ್ನು ತೋರಿಸಿದರು, ಶೆಡ್ಡನ್ನು ತೋರಿಸಿದರು, ನಿಂತ ಜಾಗ ತೋರಿಸಿದರು. ನಾನು ಹೆಜ್ಜೆ ಎಣಿಸಿ ನಕ್ಷೆ ಬರೆದುಕೊಂಡೆ. ಹಿಂತಿರುಗುವಾಗ ಅವರು ಒಂದು ಮರದ ಹತ್ತಿರ ನಿಂತುಬಿಟ್ಟರು. ಮೇಲಿನ ಪಟ್ಟೆ ಅವರು ಕೆತ್ತಿದ್ದು, ನಯವಾಗಿ ಮುಚ್ಚಿಕೊಂಡಿತ್ತು. ಕೆಳಗಿನದು ಬದಲಿ ಆಳಿನದು. ಅಲ್ಲಲ್ಲಿ ಕತ್ತಿ ಆಳಕ್ಕೆ ಹೋಗಿ ಗಂಟು ಕಟ್ಟಿತ್ತು. ಅಕ್ಕ ಆ ಗಂಟುಗಳ ಮೇಲೆ ಎಡಗೈ ಆಡಿಸುತ್ತಾ, “ಎಂತ ಮಾಡಿ ಹಾಕಿದ್ದಾನೆ ನೋಡಿ,” ಎಂದರು. ಕಣ್ಣಲ್ಲಿ ನೀರಿತ್ತು. ತನ್ನ ಕೈಯ ಬಗ್ಗೆ ಹೇಳುವಾಗ ಅಳದವರು ಮರದ ತೊಗಟೆಗೆ ಅತ್ತರು. ನನ್ನ ಅನುಮಾನ ಅಲ್ಲಿಗೆ ಮುಗಿಯಿತು.

ಠಾಣೆಯಲ್ಲಿ ದೂರು ಬರೆದುಕೊಂಡವರು ನಿವೃತ್ತಿಗೆ ಹತ್ತಿರದ ಒಬ್ಬ ಅಧಿಕಾರಿ. ತಡವಾದದ್ದಕ್ಕೆ ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆದು ಕೊಟ್ಟಿದ್ದೆ. ಅವರು ಅಕ್ಕನನ್ನು ಕೇಳಿದರು, “ಡ್ರೈವರ್ ಜೋರಾಗಿ ಬಂದನಾ?”

“ಇಲ್ಲ ಸರ್. ನಾನೇ ಸ್ವಲ್ಪ ರಸ್ತೆಗೆ ತಾಗಿ ನಿಂತದ್ದು. ತಪ್ಪು ನನ್ನದೂ ಉಂಟು.”

ಕರೆಸಿಕೊಂಡಿದ್ದ ಡ್ರೈವರ್ ಅಷ್ಟು ದೂರದ ಬೆಂಚಿನಿಂದ ಎದ್ದ. “ಅಕ್ಕ ಸುಳ್ಳು ಹೇಳುದು ಸರ್. ಅವರು ಮಣ್ಣಿನಲ್ಲಿ ನಿಂತಿದ್ರು. ಸೀಟಿನ ಮೇಲೆ ಮದುವೆ ಕಾಗದದ ಕಟ್ಟು ಇತ್ತು, ತಿರುವಿನಲ್ಲಿ ಜಾರಿತು. ಅದನ್ನು ಹಿಡೀಲಿಕ್ಕೆ ಬಗ್ಗಿದೆ. ತಪ್ಪು ಪೂರಾ ನನ್ನದು.”

“ಸುಮ್ನಿರು ಮಾರಾಯ, ನಿನ್ನ ಹತ್ರ ಯಾರು ಕೇಳಿದ್ದು?” ಎಂದು ಅಕ್ಕ ಗದರಿದರು.

ಅಧಿಕಾರಿ ಕನ್ನಡಕ ತೆಗೆದರು. “ನನ್ನ ಸರ್ವಿಸಿನಲ್ಲಿ ಎಲ್ರೂ ತಪ್ಪು ಇನ್ನೊಬ್ಬನದ್ದು ಅಂತ ಜಗಳ ಮಾಡುದು. ನೀವು ಇಬ್ರೂ ಹೊರಗೆ ಹೋಗಿ ತೀರ್ಮಾನ ಮಾಡಿ ಬನ್ನಿ ಮಾರಾಯ್ರೆ, ನಾನು ಅಷ್ಟರಲ್ಲಿ ಚಾ ಕುಡಿತೇನೆ.”

ನಾನು ಅಕ್ಕನನ್ನು ಹೊರಗೆ ಕರೆದು ಇದ್ದ ಸಿಟ್ಟನ್ನೆಲ್ಲ ಕಾರಿದೆ. ಮೊದಲ ಸಲ ಸುಳ್ಳು ಹೇಳಿ ಕೈ ಕಳೆದುಕೊಂಡಿರಿ, ಈಗ ಎರಡನೆಯ ಸುಳ್ಳು ಹೇಳಿ ಮರವನ್ನೂ ಕಳೆದುಕೊಳ್ಳುತ್ತೀರಾ? ಪರಿಹಾರಕ್ಕೆ ಅವನ ಜೇಬಿನಿಂದ ಒಂದು ರೂಪಾಯಿ ಹೋಗುವುದಿಲ್ಲ, ಕೊಡುವುದು ಇನ್ಶೂರೆನ್ಸ್ ಕಂಪನಿ, ಅವನಿಗೆ ಆಗುವುದು ಹೆಚ್ಚೆಂದರೆ ಒಂದು ದಂಡ ಎಂದು ಮೂರು ಸಲ ಬಿಡಿಸಿ ಹೇಳಿದೆ. “ಜೈಲಿಗೆ ಹಾಕುದಿಲ್ಲ ಅಲ್ವಾ?” ಎಂದು ಅವರೂ ಮೂರು ಸಲ ಕೇಳಿದರು. ಇಂಥದಕ್ಕೆ ನಮ್ಮ ಕೋರ್ಟಿನಲ್ಲಿ ದಂಡವೇ ಹೆಚ್ಚು, ಅವನ ವಕೀಲರೂ ಹಾಗೆಯೇ ಹೇಳಿದ್ದಾರೆ ಎಂದ ಮೇಲೆ ಒಳಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದರು. ದೂರು ದಾಖಲಾಯಿತು. ಗಡುವಿಗೆ ನಾಲ್ಕು ದಿನ ಇರುವಾಗ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದೆ. ಡ್ರೈವರ್ ಆಮೇಲೆ ತನ್ನ ಕೇಸಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ, ಬಹಳ ಹಗುರಾದೆ ಎಂದು ಹೆಂಡತಿಯ ಮೂಲಕ ಹೇಳಿ ಕಳಿಸಿದ.

ಇನ್ನು ದಾರಿ ಸಲೀಸು ಎಂದುಕೊಂಡಿದ್ದೆ. ಆಗ ಅಕ್ಕ ಇನ್ನೊಂದು ಉಪಕಾರ ಮಾಡಿದರು. ಇನ್ಶೂರೆನ್ಸ್ ಕಂಪನಿ ತನಿಖೆಗೆಂದು ಒಬ್ಬರನ್ನು ಊರಿಗೆ ಕಳಿಸಿತ್ತು. ಯಾರ ಜೊತೆಗೂ ಕೇಸಿನ ಮಾತಾಡಬೇಡಿ ಎಂದು ನಾನು ಎಚ್ಚರಿಸಿದ್ದೆ. ಆದರೆ ಮನೆಗೆ ಬಂದವರಿಗೆ ಊಟ ಹಾಕಬೇಡಿ ಎಂದಿರಲಿಲ್ಲವಲ್ಲ! ಮಧ್ಯಾಹ್ನದ ಬಿಸಿಲಿಗೆ ಬೆವರಿ ಬಂದ ತನಿಖೆಯವರನ್ನು ಅಕ್ಕ ಜಗಲಿಯಲ್ಲಿ ಕೂರಿಸಿ, ಕುಚ್ಚಲಕ್ಕಿ ಅನ್ನ, ಬಸಳೆ ಸಾರು ಬಡಿಸಿದರು. ಊಟದ ನಡುವೆ ಅವರು ಡ್ರೈವರ್ ಹೇಗೆ ಜನ ಎಂದು ಕೇಳಿದ್ದಾರೆ. “ಚಿನ್ನದಂಥವ” ಎಂದು ಇವರು ಅವನ ಮದುವೆಯ ಫೋಟೊ ತಂದು ತೋರಿಸಿದ್ದಾರೆ. ಕೈಗೆ ಪಟ್ಟಿ ಕಟ್ಟಿಕೊಂಡ ಅಕ್ಕ ಮದುಮಕ್ಕಳ ನಡುವೆ ಹಲ್ಲು ಬಿಟ್ಟು ನಿಂತ ಫೋಟೊ. ತನಿಖೆಯವರು ಅದನ್ನು ಮೊಬೈಲಿಗೆ ತೆಗೆದುಕೊಂಡು, ಕೈ ತೊಳೆದು, ಉಪಚಾರಕ್ಕೆ ಥ್ಯಾಂಕ್ಸ್ ಹೇಳಿ ಹೋದರು.

ಕಂಪನಿಯ ತಕರಾರಿನಲ್ಲಿ ಆ ಫೋಟೊ ಮೊದಲ ದಾಖಲೆಯಾಗಿ ಬಂತು. ಅರ್ಜಿದಾರರೂ ಡ್ರೈವರೂ ಆಪ್ತರು, ಅಪಘಾತವೇ ನಡೆದಿಲ್ಲ, ಮೆಟ್ಟಿಲಲ್ಲಿ ಬಿದ್ದ ಗಾಯಕ್ಕೆ ಇಬ್ಬರೂ ಸೇರಿ ಗಾಡಿಯ ಕತೆ ಕಟ್ಟಿದ್ದಾರೆ ಎಂದಿತ್ತು. ಓದುತ್ತಾ ಹೋದರೆ ನನಗೇ ಹೌದೆನಿಸುವಷ್ಟು ಚೆನ್ನಾಗಿ ಬರೆದಿದ್ದರು.

ಅಕ್ಕನಿಗೆ ಫೋನ್ ಮಾಡಿ ಕೇಳಿದೆ. “ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳ್ಸುದಾ ಮೇಡಂ?” ಎಂದರು. ನಾನು ಫೋನ್ ಇಟ್ಟು, ಬಾಗಿಲು ಹಾಕಿಕೊಂಡು, ಒಬ್ಬಳೇ ನಕ್ಕೆ.

ಕಂಪನಿಯ ವಕೀಲರು ಪುತ್ತೂರಿನ ಹಿರಿಯರು. ಕಾರಿಡಾರಿನಲ್ಲಿ ಸಿಕ್ಕಿ ಒಂದು ಮಾತು ಹೇಳಿದರು. ಬರುವ ಲೋಕ ಅದಾಲತ್‌ನಲ್ಲಿ ಅಷ್ಟೋ ಇಷ್ಟೋ ಕೊಡಿಸಿ ಮುಗಿಸೋಣ, ಹಟ ಹಿಡಿದರೆ ಅದೂ ಸಿಕ್ಕದು. ಅವರು ಹೇಳಿದ ಮೊತ್ತ ಆಪರೇಷನ್ನಿನ ಅರ್ಧಕ್ಕೂ ಸಾಲುತ್ತಿರಲಿಲ್ಲ. ಆದರೂ ಪಕ್ಕದ ಕೋಣೆಯ ಮಿತ್ರರು ಒಪ್ಪಿಕೊಳ್ಳಿ ಎಂದರು. ನನ್ನ ಮನಸ್ಸೂ ಅರ್ಧ ಒಪ್ಪಿತ್ತು. ಒಪ್ಪಿಗೆ ಕೇಳಲು ಅಕ್ಕನನ್ನು ಕರೆಸಿದೆ. ಏನೋ ಬರೆದುಕೊಳ್ಳಬೇಕಲ್ಲ ಎಂದು, ಅವತ್ತು ಯಾವ ಬಟ್ಟೆ ಹಾಕಿದ್ದಿರಿ ಎಂದು ಕೇಳಿದೆ.

“ತೋಟಕ್ಕೆ ಹಾಕುವ ಗಂಡಸರ ಅಂಗಿ. ಒಳ್ಳೇ ಗಟ್ಟಿ ಅಂಗಿ ಮೇಡಂ. ಆ ಸಿಸ್ಟರ್ ಕತ್ತರಿ ತಂದು ಅದರ ಕೈಯನ್ನೇ ಕತ್ತರಿಸಿಬಿಟ್ರು. ನಾನು ಬೇಡ ಅಂದೆ, ಕೇಳ್ಲೇ ಇಲ್ಲ.”

“ಯಾಕೆ ಕತ್ತರಿಸಿದ್ದು?”

“ಹಾಲು ಚೆಲ್ಲಿ ಚರ್ಮಕ್ಕೆ ಹಿಡಿದಿತ್ತಲ್ಲ. ಬಕೆಟ್ ಪೂರಾ ಮೈಮೇಲೆ ಬಿದ್ದದ್ದು.”

ನಾನು ಕುರ್ಚಿಯಿಂದ ಎದ್ದೆ. ನಮ್ಮ ಹತ್ತಿರ ಇದ್ದದ್ದು ಡಿಸ್ಚಾರ್ಜ್ ಕಾಗದ ಮತ್ತು ಗಾಯದ ಪ್ರಮಾಣಪತ್ರ ಮಾತ್ರ. ಒಳರೋಗಿಯ ಪೂರ್ಣ ಕೇಸ್ ಶೀಟ್‌ನಲ್ಲಿ ನರ್ಸ್‌ಗಳು ಗಂಟೆಗಂಟೆಗೆ ಬರೆಯುವ ಹಾಳೆಗಳೂ ಇರುತ್ತವೆ. ಅವನ್ನು ಸಾಮಾನ್ಯವಾಗಿ ಯಾರೂ ತರಿಸುವುದಿಲ್ಲ, ತರಿಸಿದರೂ ಓದುವುದಿಲ್ಲ. ಹಾಲು ಅಂಟಿದ ಅಂಗಿ ಕತ್ತರಿಸಿದ್ದನ್ನು ಆ ಸಿಸ್ಟರ್ ಬರೆದಿದ್ದರೆ ಮೆಟ್ಟಿಲಿನ ಕತೆ ಬಿದ್ದುಹೋಗುತ್ತಿತ್ತು, ಬರೆದಿರದಿದ್ದರೆ ರಾಜಿಯ ಹಣವೂ ಕೈತಪ್ಪುತ್ತಿತ್ತು. ಅಕ್ಕನಿಗೆ ಎರಡೂ ದಾರಿ ವಿವರಿಸಿದೆ. “ಅರ್ಧ ಆಪರೇಷನ್ ಮಾಡ್ಲಿಕ್ಕೆ ಆಗ್ತದಾ ಮೇಡಂ? ಆಗುದಿಲ್ಲ ಅಲ್ವಾ?” ಎಂದರು. ರಾಜಿ ಬೇಡ ಎಂದು ಕಂಪನಿಯ ವಕೀಲರಿಗೆ ತಿಳಿಸಿದೆ. ಕೇಸ್ ಶೀಟ್ ಪೂರ್ತಿ ಹಾಜರುಪಡಿಸಲು ಆಸ್ಪತ್ರೆಗೆ ಸಮನ್ಸ್ ಕೇಳಿ ಅರ್ಜಿ ಹಾಕಿದೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಅಕ್ಕನ ಅಫಿಡವಿಟ್‌ನಲ್ಲಿ ಮೆಟ್ಟಿಲಿನ ಸುಳ್ಳನ್ನು ಮುಚ್ಚಿಡದೆ, ನಾನು ಹೀಗೆ ಸುಳ್ಳು ಹೇಳಿದೆ, ಕಾರಣ ಇದು ಎಂದು ಮೂರನೆಯ ಪ್ಯಾರಾದಲ್ಲೇ ಬರೆಸಿದೆ.

ವಿಚಾರಣೆಯ ದಿನ ಆಸ್ಪತ್ರೆಯ ದಾಖಲೆ ವಿಭಾಗದವರು ದಪ್ಪದ ಕಟ್ಟು ತಂದರು. ನಾನು ನಿಂತಲ್ಲೇ ಹಾಳೆ ತಿರುವಿದೆ. ಸೇರಿಸಿಕೊಂಡ ಸಮಯ ಹನ್ನೊಂದು ಇಪ್ಪತ್ತು. ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ ನರ್ಸ್ ಬರೆದಿದ್ದರು: ಅಂಗಿಯ ಬಲತೋಳು ರಬ್ಬರ್ ಹಾಲಿನಿಂದ ತೊಯ್ದು ಚರ್ಮಕ್ಕೆ ಅಂಟಿದೆ, ಕತ್ತರಿಸಿ ತೆಗೆಯಲಾಯಿತು, ರೋಗಿಗೆ ಅಂಗಿಯ ಬಗ್ಗೆ ಬೇಸರ. ಆ ಕೊನೆಯ ಸಾಲು ಓದಿ ನನಗೆ ಆ ನರ್ಸಿನ ಕಾಲು ಹಿಡಿಯಬೇಕೆನಿಸಿತು.

ಕಂಪನಿಯ ವಕೀಲರು ಪಾಟಿ ಸವಾಲಿಗೆ ಎದ್ದರು. ಮೊದಲು ಫೋಟೊ.

“ಈ ಡ್ರೈವರ್ ನಿಮಗೆ ಗೊತ್ತುಂಟಾ?”

“ಗೊತ್ತಿಲ್ದೆ ಉಂಟಾ ಸ್ವಾಮಿ? ಮದುವೆಗೆ ಹೋಗಿದ್ದೇನೆ. ಊಟದ ಸಿರಾ ಒಳ್ಳೇದಿತ್ತು.”

ನ್ಯಾಯಾಧೀಶರು ತಲೆ ತಗ್ಗಿಸಿ ಏನನ್ನೋ ಬರೆದುಕೊಂಡರು. ನಕ್ಕರೋ ಏನೋ ಕಾಣಲಿಲ್ಲ.

“ಡಾಕ್ಟರ ಹತ್ರ ಸುಳ್ಳು ಹೇಳಿದ್ದು ನೀವೇ ಅಲ್ವಾ?”

“ಹೌದು, ನಾನೇ. ಮದುವೆ ನಿಲ್ತದೆ ಅಂತ ಹೆದರಿಕೆ ಆಯ್ತು. ಕೈ ಹೀಗೆ ಆಗ್ತದೆ ಅಂತ ಗೊತ್ತಿರ್ಲಿಲ್ಲ.”

ಅವರು ನರ್ಸಿನ ಹಾಳೆಯನ್ನು ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತು ಓದಿದರು. ಆಮೇಲೆ ಕೇಳಿದ ಪ್ರಶ್ನೆಗಳು ನನಗೆ ಅನಿರೀಕ್ಷಿತ. ಹಾಲು ಎಷ್ಟು ಗಂಟೆಗೆ ಒಟ್ಟು ಮಾಡುತ್ತೀರಿ? ಹತ್ತರ ಹೊತ್ತಿಗೆ. ಶೆಡ್ಡು ಎಲ್ಲಿ? ರಸ್ತೆಯಾಚೆ. ಹಾಲು ಮನೆಗೆ ಒಯ್ಯುವುದುಂಟಾ? “ಮನೆಗೆ ಯಾಕೆ ಸ್ವಾಮಿ? ಆಸಿಡ್ಡು, ಟ್ರೇ, ಮೆಷಿನ್ನು ಎಲ್ಲ ಶೆಡ್ಡಿನಲ್ಲಿ ಉಂಟು. ಮನೆ ಅರ್ಧ ಮೈಲು ದೂರ.” ಒಂದು ಮರಕ್ಕೆ ಎಷ್ಟು ಆಳ ಕೆತ್ತುತ್ತೀರಿ? ಅಕ್ಕ ಕಟಕಟೆಯ ಮರದ ಮೇಲೆ ಉಗುರಿನಿಂದ ಗೆರೆ ಎಳೆದು ತೋರಿಸಲು ಹೋದರು. ಕೈ ಅರ್ಧಕ್ಕೆ ನಿಂತಿತು, ಮುಂದೆ ತಿರುಗಲಿಲ್ಲ. ಎಡಗೈಯಿಂದ ಎತ್ತಿ ಇಳಿಸಿಕೊಂಡರು.

ಹಿರಿಯರು ಅದನ್ನೇ ನೋಡುತ್ತಾ ನಿಂತಿದ್ದರು. “ಇನ್ನು ಪ್ರಶ್ನೆ ಇಲ್ಲ,” ಎಂದು ಕುಳಿತರು.

ಹೊರಗೆ ಬಂದ ಮೇಲೆ ನನ್ನನ್ನು ಕರೆದರು. “ನರಿಮೊಗರಿನಲ್ಲಿ ನಂದೂ ಒಂದು ರಬ್ಬರ್ ತೋಟ ಉಂಟು ಮಾರಾಯ್ತಿ. ಹತ್ತು ಗಂಟೆಗೆ ಒಟ್ಟು ಮಾಡಿದ ಹಾಲು ಹನ್ನೊಂದೂ ಇಪ್ಪತ್ತಕ್ಕೆ ಹಸಿಯಾಗಿ ಆಸ್ಪತ್ರೆಯಲ್ಲಿ ಇರ್ಬೇಕಾದ್ರೆ ಅದು ರಸ್ತೆಯಿಂದಲೇ ಹೋಗಿರ್ಬೇಕು. ಕೋಡಿಂಬಾಳದಿಂದ ಪುತ್ತೂರಿಗೇ ಒಂದು ಗಂಟೆ ದಾರಿ, ಮನೆ ಮೆಟ್ಟಿಲಿಗೆ ಹೋಗಿ ಬರ್ಲಿಕ್ಕೆ ಹೊತ್ತು ಎಲ್ಲಿ ಉಂಟು? ಕಂಪನಿಗೆ ನಾನು ಹಾಗೇ ಬರೀತೇನೆ.” ಎರಡು ಹೆಜ್ಜೆ ಹೋದವರು ತಿರುಗಿದರು. “ನನ್ನ ತೋಟಕ್ಕೆ ಇಂಥ ಒಬ್ರು ಟ್ಯಾಪರ್ ಸಿಕ್ಕಿದ್ರೆ!”

ಮುಂದಿನ ಅದಾಲತ್‌ನಲ್ಲಿ ಕಂಪನಿ ಆಪರೇಷನ್ನು, ವ್ಯಾಯಾಮ, ಕೆಲಸ ಹೋದ ತಿಂಗಳುಗಳು ಎಲ್ಲಕ್ಕೂ ಒಪ್ಪಿತು. ಹೆಬ್ಬೆಟ್ಟು ಬೇಡ, ಸಹಿ ಹಾಕುತ್ತೇನೆ ಎಂದು ಅಕ್ಕ ಎಡಗೈಯಲ್ಲಿ ಬರೆಯಲು ಕುಳಿತರು. ಒಂದೊಂದೇ ಅಕ್ಷರ ಬಿಡಿಸುವವರೆಗೆ ಇಡೀ ಕೋಣೆ ಕಾದಿತು. ಬೇಸಗೆಯಲ್ಲಿ ಆಪರೇಷನ್ ಆಯಿತು. ಡ್ರೈವರ್‌ನ ಹೆಂಡತಿ ವಾರಕ್ಕೆ ಎರಡು ಸಲ ಅಕ್ಕನನ್ನು ಬಸ್ಸಿನಲ್ಲಿ ಪುತ್ತೂರಿಗೆ ವ್ಯಾಯಾಮಕ್ಕೆ ಕರೆತರುತ್ತಿದ್ದಳು. ಗಂಡ ಪಿಕಪ್ ತೆಗೆಯುತ್ತೇನೆಂದರೆ ಇಬ್ಬರೂ ಒಟ್ಟಿಗೆ ಬೇಡ ಎನ್ನುತ್ತಿದ್ದರಂತೆ. ಮೊದಮೊದಲು ಬೆರಳು ಮಡಚಲೂ ಆಗುತ್ತಿರಲಿಲ್ಲ. ಎರಡು ತಿಂಗಳ ನಂತರ ಒಂದು ದಿನ ಅಕ್ಕ ನನ್ನ ಕಚೇರಿಗೆ ಬಂದು, ಬಾಗಿಲ ಹಿಡಿಯನ್ನು ಬಲಗೈಯಿಂದ ತಿರುಗಿಸಿ, ತೆರೆದು, ಮುಚ್ಚಿ, ಮತ್ತೆ ತೆರೆದು ತೋರಿಸಿದರು. ಒಳಗೆ ಕುಳಿತಿದ್ದ ಬೇರೆ ಕಕ್ಷಿದಾರರಿಗೆ ಏನೂ ಅರ್ಥವಾಗಲಿಲ್ಲ.

ದೀಪಾವಳಿಗೆ ಇನ್ನೂ ಹನ್ನೆರಡು ದಿನವಿತ್ತು. ಹಿಂದಿನ ಸಂಜೆಯೇ ಕಡಬಕ್ಕೆ ಹೋಗಿ ಪರಿಚಿತರ ಮನೆಯಲ್ಲಿ ಉಳಿದುಕೊಂಡು, ಬೆಳ್ಳಂಬೆಳಿಗ್ಗೆ ತೋಟಕ್ಕೆ ಹೋದೆ. ಮಳೆ ನಿಂತು ತೊಗಟೆ ಒಣಗಿತ್ತು. ಅಕ್ಕ ಆಗಲೇ ಕತ್ತಿ ಹಿಡಿದು ನಿಂತಿದ್ದರು. ಮೊದಲ ಮರದಲ್ಲಿ ಸಿಪ್ಪೆ ದಪ್ಪವಾಗಿ ಬಂತು, “ಥೂ” ಎಂದು ತಮ್ಮನ್ನೇ ಬೈದುಕೊಂಡರು. ಎರಡನೆಯದರಲ್ಲಿ ಕೈ ನಡುವೆ ನಿಂತಿತು. ಮೂರನೆಯದರಲ್ಲಿ ಎಡದಿಂದ ಬಲಕ್ಕೆ ಕತ್ತಿ ಒಂದೇ ಎಳೆತಕ್ಕೆ ಇಳಿಯಿತು. ಸಿಪ್ಪೆ ಸುರುಳಿಯಾಗಿ ಕೆಳಗೆ ಬಿತ್ತು, ಬಿಳಿ ಹಾಲು ಗೆರೆಯುದ್ದಕ್ಕೂ ಜಿನುಗಿ ಗೆರಟೆಯ ಕಡೆ ಹೊರಟಿತು. ಅಕ್ಕ ಬಗ್ಗಿ ಗೆರೆಯನ್ನು ಪರೀಕ್ಷಿಸಿ, ಮುಂದಿನ ಮರಕ್ಕೆ ಹೋದರು.

ಇಷ್ಟು ದೂರ ಬಂದದ್ದಕ್ಕೆ ಏನಾದರೂ ಹೇಳಬೇಕೆಂದು, “ಅಕ್ಕ, ಇವತ್ತು ನನಗೆ ಎಷ್ಟು...” ಎಂದು ತೊಡಗಿದೆ.

“ಇದು ಬಿಟ್ಟು ಇನ್ನೂ ಇನ್ನೂರ ತೊಂಬತ್ತಾರು ಮರ ಉಂಟು ಮೇಡಂ,” ಎಂದರು ಅವರು, ತೊಗಟೆಯಿಂದ ಕಣ್ಣು ತೆಗೆಯದೆ. “ಮಾತಾಡ್ತಾ ನಿಂತ್ರೆ ಬಿಸಿಲು ಏರ್ತದೆ. ನೀವು ಕೋರ್ಟಿಗೆ ಹೋಗಿ.”